ಹೊಸಬರಿಗೆ ಮಾರ್ಗದರ್ಶಿ: ಗುಡ್ಡೆಮನೆಯ ಜೀಪಿಗೆ ಗಟ್ಟಿ ಚೈನ್

ಘಟ್ಟದ ಮೇಲಿನಿಂದ ಬಂದು ಕಾಸರಗೋಡಿನ ಒಳನಾಡಿನಲ್ಲಿ ತೋಟ ತೆಗೆದುಕೊಂಡವರಿಗೆ, ಕನ್ನಡ ಶಾಲೆಯ ಕೆಲಸ, ಬ್ಯಾಂಕಿನ ಕೆಲಸ ಅಂತ ಬಂದು ಗುಡ್ಡೆಯ ಬದಿಯಲ್ಲಿ ಮನೆ ಹಿಡಿದವರಿಗೆ ನಮ್ಮ ಸಂಘದಿಂದ ಇದನ್ನು ಬರೆಯುತ್ತಿದ್ದೇವೆ. ರೇಷನ್ ಕಾರ್ಡು, ಶಾಲೆಗೆ ಸೇರಿಸುವುದು, ಕರೆಂಟು ಇವೆಲ್ಲ ಬೇರೆ ಭಾಗಗಳಲ್ಲಿವೆ. ಈ ಭಾಗ ಟಯರಿನ ಚೈನಿಗೆ ಮಾತ್ರ, ಅಂದರೆ ಗಾಡಿ ಜಾರದ ಹಾಗೆ ಟಯರಿನ ಸುತ್ತ ಕಟ್ಟುವ ಸರಪಳಿಗೆ. ಒಂದು ಚೈನಿಗೆ ಇಷ್ಟು ಬರೆಯಬೇಕಾ ಅಂತ ಅನಿಸಬಹುದು. ಬರೆಯಲೇಬೇಕು. ಮಳೆಗಾಲದ ನಾಲ್ಕು ತಿಂಗಳು ನಿಮ್ಮ ಅಂಗಳದಿಂದ ಟಾರು ರಸ್ತೆಗೆ ಮುಟ್ಟುವ ಆ ಸ್ವಲ್ಪ ದೂರವೇ ಆಸ್ಪತ್ರೆ, ಶಾಲೆ, ಪೇಟೆ ಎಲ್ಲವನ್ನೂ ತೀರ್ಮಾನ ಮಾಡುತ್ತದೆ.

ಈ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಬೆಂಗಳೂರಿನ ಮಳೆಯ ಮೂರು ಪಟ್ಟು ಅಂದುಕೊಳ್ಳಿ. ಅದರಲ್ಲೂ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬಾಯಾರು, ಪೆರ್ಲ, ಬೆಳ್ಳೂರು, ದೇಲಂಪಾಡಿ, ಬಂದಡ್ಕ, ಪಾಣತ್ತೂರು ಕಡೆ ಜಾಗ ತೆಗೆದುಕೊಂಡವರು ಬೇಸಿಗೆಯಲ್ಲಿ ನೋಡಿದ ದಾರಿಯನ್ನು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಇನ್ನೊಮ್ಮೆ ನೋಡಬೇಕು. ಗುರುತೇ ಸಿಗುವುದಿಲ್ಲ.

ಫೋರ್ ವೀಲ್ ಇದೆಯಲ್ಲ, ಚೈನ್ ಯಾಕೆ?

ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಫೋರ್ ವೀಲ್ ಡ್ರೈವ್ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುತ್ತದೆ, ಅಷ್ಟೇ. ನೆಲದ ಮೇಲಿನ ಹಿಡಿತ ಕೊಡುವುದು ಟಯರು. ಟಯರಿನ ಗೀರುಗಳಲ್ಲಿ ಜೇಡಿಮಣ್ಣು ತುಂಬಿಕೊಂಡರೆ ನಾಲ್ಕು ಚಕ್ರವೂ ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ಜಾರುತ್ತವೆ. ಚಡಾವಿನಲ್ಲಿ ಗಾಡಿ ಹತ್ತದಿದ್ದರೆ ಹೇಗೋ ಹಿಂದೆ ಬಂದು ನಿಲ್ಲಿಸಬಹುದು. ಇಳಿಯುವಾಗ ಏನು ಮಾಡುತ್ತೀರಿ? ಬ್ರೇಕ್ ಹಾಕಿದಾಗ ಫೋರ್ ವೀಲ್ ಇದ್ದ ಗಾಡಿ, ಇಲ್ಲದ ಗಾಡಿ ಎಲ್ಲ ಒಂದೇ. ಹಿಮದಲ್ಲೂ ಇದೇ ಕಥೆ. ಅದಕ್ಕೇ ಹಿಮದ ಊರಿನವರೂ ಫೋರ್ ವೀಲ್ ಗಾಡಿಯ ಹಿಂದೆ ಚೈನ್ ಇಟ್ಟುಕೊಂಡೇ ಹೊರಡುತ್ತಾರೆ. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಎಸ್ಟೇಟ್ ಜೀಪುಗಳಿಗೆ ಮಳೆಗಾಲದಲ್ಲಿ ಚೈನ್ ಕಟ್ಟುವ ರೂಢಿ ಹಳೆಯದು. ಆ ಕಡೆಯಿಂದ ಬಂದವರಿಗೆ ಇದು ಗೊತ್ತಿರುತ್ತದೆ. ಬಯಲುಸೀಮೆಯವರು ದಯವಿಟ್ಟು ಪೂರ್ತಿ ಓದಿ.

ಕೊಳ್ಳುವಾಗ ನೋಡಬೇಕಾದ್ದು

ಈಗ ಎಲ್ಲರೂ ಮಾಡುವ ಕೆಲಸ: ಫೋನಿನಲ್ಲಿ ‘ಸ್ನೋ ಚೈನ್’ ಅಂತ ಹುಡುಕಿ, ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿಕೊಳ್ಳುವುದು. ಇದು ಬೇಡ. ಹಿಮ ಮೆತ್ತಗಿರುತ್ತದೆ. ಕಾರಿಗೆ ಅಂತ ಮಾಡಿದ ತೆಳ್ಳನೆಯ ಚೈನು ಅದರೊಳಗೆ ಹೂತುಕೊಂಡು ಓಡುತ್ತದೆ, ಬಾಳಿಕೆಯೂ ಬರುತ್ತದೆ. ನಮ್ಮ ದಾರಿಯಲ್ಲಿ ನಾಲ್ಕು ಬೆರಳು ಕೆಸರು, ಅದರಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಕೆಸರು ಸರಿದ ಕೂಡಲೇ ಚೈನು ಗಾಡಿಯ ಅಷ್ಟೂ ಭಾರದಡಿ ಕಲ್ಲಿಗೆ ಉಜ್ಜುತ್ತದೆ. ತೆಳ್ಳನೆಯದು ಒಂದು ಮಳೆಗಾಲ ದಾಟುವುದಿಲ್ಲ.

ಪ್ಲಾಸ್ಟಿಕ್ ಪಟ್ಟಿಗಳು, ಟಯರಿಗೆ ಹೊದಿಸುವ ಬಟ್ಟೆಯ ಕವಚಗಳು ಸಹ ಸಿಗುತ್ತವೆ. ಹಿಮದಲ್ಲಿ ಅವುಗಳ ಕೆಲಸ ಅವು ಮಾಡುತ್ತವೆ. ಮುರಕಲ್ಲಿನ ಮೇಲೆ ಹರಿದು ಹೋಗುತ್ತವೆ. ದುಡ್ಡು ಹಾಕಬೇಡಿ.

ಗಟ್ಟಿತನವನ್ನು ಮೂರು ವಿಷಯ ತೀರ್ಮಾನಿಸುತ್ತದೆ: ಲೋಹ, ಕೊಂಡಿಯ ದಪ್ಪ, ಕೊಂಡಿಯ ಆಕಾರ.

ಲೋಹದ ಮಾತು ಮೊದಲು. ಒಳ್ಳೆಯ ಚೈನು ಮ್ಯಾಂಗನೀಸ್ ಅಥವಾ ನಿಕ್ಕಲ್ ಬೆರೆತ ಮಿಶ್ರ ಉಕ್ಕಿನದು. ಮೇಲ್ಮೈಯನ್ನು ಹದ ಕೊಟ್ಟು ಗಡುಸು ಮಾಡಿರುತ್ತಾರೆ, ಒಳಗಿನ ತಿರುಳು ಮಾತ್ರ ಸ್ವಲ್ಪ ಬಗ್ಗುವಂತಿರುತ್ತದೆ. ಹೊರಗೆ ಸವೆಯಬಾರದು, ಒಳಗೆ ಪಟ್ ಅಂತ ಮುರಿಯಬಾರದು, ಅದಕ್ಕೆ ಹಾಗೆ. ಗೇಟಿಗೆ, ಬಾವಿಯ ರಾಟೆಗೆ ಬಳಸುವ ಸರಪಳಿ ತಂದು ವೆಲ್ಡಿಂಗಿನವರ ಹತ್ತಿರ ಕೊಟ್ಟು ಚೈನ್ ಮಾಡಿಸುವವರಿದ್ದಾರೆ. ಅದು ಮೆದು ಕಬ್ಬಿಣ. ವೆಲ್ಡ್ ಮಾಡಿದ ಜಾಗದಲ್ಲೇ ಬಿಡುತ್ತದೆ.

ಅಂಗಡಿಯಲ್ಲಿ ಗುರುತು ಹಿಡಿಯುವುದು ಸುಲಭ. ಕಿಸೆಯಲ್ಲಿ ಒಂದು ಸಣ್ಣ ಅರ (ಲೋಹ ಉಜ್ಜುವ ಫೈಲು) ಇಟ್ಟುಕೊಂಡು ಹೋಗಿ. ಅಂಗಡಿಯವರನ್ನು ಕೇಳಿ, ಒಪ್ಪಿದ ಮೇಲೆ, ಟಯರಿಗೆ ಅಡ್ಡ ಬರುವ ಚೈನಿನ ಒಂದು ಕೊಂಡಿಯ ಮೇಲೆ ಮೆಲ್ಲಗೆ ಒಮ್ಮೆ ಎಳೆಯಿರಿ. ಸತುವಿನ ಲೇಪ ಕಿತ್ತು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಜಾಗದಲ್ಲಿ ಇನ್ನೊಮ್ಮೆ ಎಳೆಯಿರಿ. ಹದ ಕೊಟ್ಟ ಉಕ್ಕಿನ ಮೇಲೆ ಅರ ಕಚ್ಚುವುದಿಲ್ಲ, ಸುಯ್ ಅಂತ ಜಾರುತ್ತದೆ. ಮೆದು ಕಬ್ಬಿಣವಾದರೆ ಕರಕರ ಅಂತ ಕಚ್ಚಿ, ಹೊಳೆಯುವ ಗೀರು ಬಿಡುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ಅರ ಹಾಕಲು ಬಿಡದ ಅಂಗಡಿಯಾದರೆ ಬೇರೆ ಕಡೆ ನೋಡಿ. ಮನೆ ಮಂದಿಯನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು, ಇಲ್ಲಿ ದಾಕ್ಷಿಣ್ಯ ಬೇಡ.

ದಪ್ಪ: ಕಾರಿನ ಚೈನಿನ ಕೊಂಡಿ 3–4 ಮಿ.ಮೀ. ಇರುತ್ತದೆ. ಜೀಪಿಗೆ, ಪಿಕಪ್ಪಿಗೆ 5.5ಕ್ಕಿಂತ ಕಡಿಮೆ ಬೇಡ. ಅಡಿಕೆ, ಗೊಬ್ಬರ ಲೋಡ್ ಮಾಡುವುದಿದ್ದರೆ 7 ಒಳ್ಳೆಯದು. ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ‘9 ಮಿ.ಮೀ.’, ‘12 ಮಿ.ಮೀ.’ ಅಂತ ದೊಡ್ಡದಾಗಿ ಬರೆದಿರುತ್ತದೆ. ಹೆಚ್ಚಿನ ಸಲ ಅದು ಸರಿಗೆಯ ದಪ್ಪವಲ್ಲ, ಚೈನು ಟಯರಿನಿಂದ ಎಷ್ಟು ಹೊರಗೆ ಎದ್ದು ನಿಲ್ಲುತ್ತದೆ ಅನ್ನುವ ಲೆಕ್ಕ. ಪೆಟ್ಟಿಗೆ ತೆರೆಸಿ ಕೊಂಡಿಯನ್ನೇ ಅಳೆಯಿರಿ.

ಆಕಾರ: ಉರುಟು ಸರಿಗೆಯ ಕೊಂಡಿ ಬೇಗ ಸವೆಯುತ್ತದೆ, ಕಚ್ಚುವುದೂ ಕಡಿಮೆ. ಚೌಕ ಸರಿಗೆಯ ಕೊಂಡಿಗೆ ಮೂಲೆಗಳಿವೆ, ಅವು ಕಚ್ಚುತ್ತವೆ. ನೆಲ ಮುಟ್ಟುವ ಜಾಗದಲ್ಲಿ ಲೋಹವೂ ಜಾಸ್ತಿ, ಹಾಗಾಗಿ ಬಾಳಿಕೆಯೂ ಜಾಸ್ತಿ.

ಇನ್ನು ನೇಯ್ಗೆ. ಏಣಿ ಮಾದರಿಯಲ್ಲಿ ಟಯರಿನ ಮೇಲೆ ಅಡ್ಡಡ್ಡ ಸಾಲುಗಳಿರುತ್ತವೆ. ಕೆಸರನ್ನು ಚೆನ್ನಾಗಿ ಅಗೆದು ಹೊರಗೆ ಎಸೆಯುತ್ತದೆ, ನೇರ ಚಡಾವಿಗೆ ಗಟ್ಟಿಗ. ಆದರೆ ಎರಡು ಸಾಲುಗಳ ನಡುವೆ ಬರೀ ಟಯರು ನೆಲಕ್ಕೆ ಬರುತ್ತದೆ, ಬದಿಗೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ವಜ್ರದ ಮಾದರಿಯಲ್ಲಿ ಚೈನು ಓರೆಯಾಗಿ ಹೆಣೆದಿರುತ್ತದೆ, ಯಾವಾಗಲೂ ಚೂರಾದರೂ ನೆಲಕ್ಕೆ ತಾಗಿರುತ್ತದೆ, ಬದಿಗೆ ಜಾರಲು ಬಿಡುವುದಿಲ್ಲ. ನಿಮ್ಮ ದಾರಿ ಒಂದು ಬದಿ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಬದಿ ತೋಟಕ್ಕೆ ಇಳಿಯುವ ಕಣಿವೆ ಅಂತಿದ್ದರೆ ವಜ್ರದ್ದೇ ತೆಗೆದುಕೊಳ್ಳಿ. ಏಣಿಯದೇ ಸಿಕ್ಕಿದರೆ ಅಡ್ಡ ಸಾಲುಗಳು ಒತ್ತೊತ್ತಾಗಿರಲಿ. ಬದಿಯ ಸರಪಳಿಯ ನಾಲ್ಕು ಕೊಂಡಿಗೊಂದು ಸಾಲು ಇರುವುದಕ್ಕಿಂತ ಎರಡು ಕೊಂಡಿಗೊಂದು ಇರುವುದು ಒಳ್ಳೆಯದು. ಅಡ್ಡ ಕೊಂಡಿಗೆ ಇಂಗ್ಲಿಷ್ ‘ವಿ’ ಆಕಾರದ ತುಂಡು ಬೆಸೆದ ಚೈನೂ ಇದೆ. ಮಂಜುಗಡ್ಡೆಗೆ, ಗಟ್ಟಿ ಜೇಡಿಗೆ ಅದು ಚೆನ್ನಾಗಿ ಕಚ್ಚುತ್ತದೆ. ಪಂಚಾಯತ್ ಹಾಕಿಸಿದ ಕಾಂಕ್ರೀಟನ್ನು ಎಬ್ಬಿಸಿ ಬಿಡುತ್ತದೆ, ನೆರೆಕರೆಯವರ ಸಿಟ್ಟು ನಿಮಗೆ.

ಅಳತೆ

ಟಯರಿನ ಬದಿಯಲ್ಲಿ ಬರೆದ ಅಳತೆ ನೋಡಿ ಚೈನ್ ತೆಗೆದುಕೊಳ್ಳಿ. ಗಾಡಿಯ ಹೆಸರು ಹೇಳಿ ಅಲ್ಲ. 2020ರಲ್ಲಿ ಬಂದ ಥಾರ್‌ನಲ್ಲೇ 245/75 ಆರ್ 16, 255/65 ಆರ್ 18 ಅಂತ ಎರಡು ಬಗೆ ಇವೆ. ಹಳೆಯ ಮಹೀಂದ್ರ ಜೀಪಾದರೆ 6.00–16. ಮೊದಲಿನ ಮಾಲಿಕರು ಅಗಲದ ಟಯರು ಹಾಕಿಸಿದ್ದರೆ ಅದನ್ನೇ ಬರೆದುಕೊಳ್ಳಿ. ಸಡಿಲ ಚೈನು ಹಾರಿ ಬಡಿಯುತ್ತದೆ, ಬಿಗಿಯಾದದ್ದು ಕೊನೆಯ ಕೊಕ್ಕೆಗೆ ಮುಟ್ಟುವುದೇ ಇಲ್ಲ. ಗಾಳಿ ಇಳಿಸಿ ಚೈನ್ ಹಾಕಿ ಮತ್ತೆ ಗಾಳಿ ತುಂಬುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಅಳತೆ ಸರಿ ಇದ್ದರೂ ಸಾಲದು. ಚಕ್ರಕ್ಕೂ ಮಡ್‌ಗಾರ್ಡಿಗೂ, ಚಕ್ರಕ್ಕೂ ಬ್ರೇಕ್ ಪೈಪಿಗೂ ನಡುವೆ ಎಷ್ಟು ಜಾಗ ಇದೆ? ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಬಗ್ಗಿ, ಟಾರ್ಚ್ ಹಾಕಿ ನೋಡಿ. ಈ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಭಾವನ ಜೀಪಿನಲ್ಲಿ ಅಗ್ಗದ ಚೈನಿನ ಒಂದು ಅಡ್ಡ ಸಾಲು ತುಂಡಾಗಿ, ಚಕ್ರ ತಿರುಗಿದ ಹಾಗೆ ಚಾಟಿಯಂತೆ ಬಡಿದು, ಬ್ರೇಕ್ ಪೈಪನ್ನು ಹರಿದು ಹಾಕಿತು. ಅದೂ ಇಳಿಜಾರಿನ ನಡುವೆ, ಹಿಂದೆ ಮಕ್ಕಳು ಕೂತಿದ್ದಾಗ. ಗಾಡಿ ಲೋ ಗೇರಿನಲ್ಲಿದ್ದ ಕಾರಣ ಧರೆಗೆ ಒರಗಿ ನಿಂತಿತು. ತುಂಡಾಗುವ ಚೈನಿಗಿಂತ ಚೈನ್ ಇಲ್ಲದೆ ಮನೆಯಲ್ಲಿ ಕೂರುವುದು ವಾಸಿ. ಅದಕ್ಕೇ ಕೊಂಡಿ ಅರ್ಧ ಸವೆದಿತು ಅಂದರೆ ಚೈನ್ ಬದಲಿಸಿ. ಇನ್ನೊಂದು ವರ್ಷ ನೋಡೋಣ ಅನ್ನಬೇಡಿ.

ಯಾವ ಚಕ್ರಕ್ಕೆ?

ನಾಲ್ಕಕ್ಕೂ. ಒಂದೇ ಜೊತೆ ಇದ್ದರೆ ಗಾಡಿಯ ಕೈಪಿಡಿ ಹೇಳಿದ ಹಾಗೆ ಮಾಡಿ. ಮುಂದಕ್ಕೆ ಮಾತ್ರ ಹಾಕಿದರೆ ಇಳಿಯುವಾಗ ಹಿಂಭಾಗ ಬೀಸಿಕೊಂಡು ಮುಂದೆ ಬರಲು ನೋಡುತ್ತದೆ. ಹಿಂದಕ್ಕೆ ಮಾತ್ರ ಹಾಕಿದರೆ ಹತ್ತುವುದು ಸುಲಭ, ತಿರುವಿನಲ್ಲಿ ಮುಂಭಾಗ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಒಂದೇ ಚಕ್ರಕ್ಕೆ, ಅಥವಾ ಮೂಲೆಯಿಂದ ಮೂಲೆಗೆ ಯಾವತ್ತೂ ಬೇಡ.

ಹಾಕುವುದು

ಮಳೆ ಬರುವ ಮೊದಲು, ಒಣ ಅಂಗಳದಲ್ಲಿ ಹಾಕಿ ತೆಗೆದು ಅಭ್ಯಾಸ ಮಾಡಿ. ಮನೆಯ ಹೆಂಗಸರೂ ಕಲಿಯಬೇಕು. ಗಂಡಸರು ಪೇಟೆಗೆ ಹೋದಾಗಲೇ ಅಜ್ಜಿಗೆ ಉಬ್ಬಸ ಬರುವುದು.

- ಕೊಕ್ಕೆಗಳ ತೆರೆದ ಬಾಯಿ ಹೊರಮುಖವಾಗಿರಲಿ, ಟಯರಿಗೆ ಚುಚ್ಚಬಾರದು.
- ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ.
- ಉಳಿದ ಬಾಲವನ್ನು ಸರಿಗೆಯಿಂದ ಕಟ್ಟಿ. ನೇತಾಡಲು ಬಿಡಬೇಡಿ.
- ಅಂಗಳದಿಂದ ಗೇಟಿನವರೆಗೆ ಹೋಗಿ, ಇಳಿದು, ಮತ್ತೆ ಬಿಗಿ ಮಾಡಿ. ಚೈನು ಆಗಲೇ ಸರಿಯಾಗಿ ಕೂರುವುದು.
- ಲೋ ಗೇರ್, ಮೆಲ್ಲಗೆ. ಹಿಮದ ರಸ್ತೆಯಲ್ಲೇ ಗಂಟೆಗೆ 50 ಕಿ.ಮೀ. ಮೀರಬಾರದು ಅನ್ನುತ್ತಾರೆ. ನಮ್ಮ ಗುಡ್ಡೆಗೆ 15 ಧಾರಾಳ.
- ಚಕ್ರ ನಿಂತಲ್ಲೇ ತಿರುಗುತ್ತಿದ್ದರೆ ಆಕ್ಸಿಲೇಟರ್ ಬಿಡಿ. ಚೈನು ತುಂಡಾಗುವುದು ಆಗಲೇ.
- ಟಾರು ಸಿಕ್ಕಿದ ಕೂಡಲೇ ತೆಗೆಯಿರಿ. ಬಸ್‌ಸ್ಟಾಪಿನ ಹತ್ತಿರ ತೆಗೆಯಲು ಒಂದು ಗೋಣಿ, ಕೈಗವಸು ಗಾಡಿಯಲ್ಲಿರಲಿ.

ಪಾಚಿ ಹಿಡಿದ ಕಾಂಕ್ರೀಟಿಗೆ ಚೈನ್ ಮದ್ದಲ್ಲ. ಬ್ಲೀಚಿಂಗ್ ಪುಡಿ ಹಾಕಿ ಗುಡಿಸುವ ಪೊರಕೆಯೇ ಅಲ್ಲಿ ಮದ್ದು. ಮನೆಯ ದಾರಿಯ ಚರಂಡಿ ಕಡಿಸುವುದನ್ನು ಮರೆತು ಬರೀ ಚೈನ್ ನಂಬಿ ಕೂರುವವರಿಗೂ ಇದೇ ಮಾತು.

ಇಡುವುದು

ಉಪ್ಪುಗಾಳಿಯ ಜಿಲ್ಲೆ ಇದು, ತುಕ್ಕು ಬೇಗ. ತೊಳೆದು, ಒಣಗಿಸಿ, ಎಣ್ಣೆ ಸವರಿ, ಗೋಡೆಯ ಮೊಳೆಗೆ ನೇತು ಹಾಕಿ. ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲದ ಮೇಲೆ ಬೇಡ. ಮೈಲುತುತ್ತಿನ ಹತ್ತಿರವಂತೂ ಬೇಡವೇ ಬೇಡ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕಾಲವೂ ಚೈನ್ ಹಾಕುವ ಕಾಲವೂ ಒಂದೇ ಆದ್ದರಿಂದ ಎರಡೂ ಒಂದೇ ಮೂಲೆ ಸೇರುತ್ತವೆ. ಮೈಲುತುತ್ತು, ಸುಣ್ಣ ಬೆರೆಸಿದ ಆ ಮದ್ದು, ಬೋರ್ಡೋ ದ್ರಾವಣ, ತಾಗಿದರೆ ಸತುವಿನ ಲೇಪ ಹೋಗಿ ಕಬ್ಬಿಣ ತಿನ್ನಲು ಶುರುವಾಗುತ್ತದೆ.

ಹಿಮಾಲಯಕ್ಕೆ ಹೊರಟವರಿಗೆ

ಇಲ್ಲಿನ ಹುಡುಗರು ಈಗ ಇದೇ ಗಾಡಿಯಲ್ಲಿ ಮನಾಲಿ, ಕಾಶ್ಮೀರ ಅಂತ ಹೋಗುತ್ತಾರೆ. ಹೋಗಲಿ. ಮನಾಲಿಯಿಂದ ಸೋಲಂಗ್, ಅಟಲ್ ಸುರಂಗದ ಕಡೆಗೆ ಹಿಮ ಬಿದ್ದ ದಿನ ಪೊಲೀಸರು ಫೋರ್ ವೀಲ್ ಗಾಡಿ, ಚೈನ್ ಹಾಕಿದ ಗಾಡಿ ಮಾತ್ರ ಬಿಡುತ್ತಾರೆ. ತಂಗ್‌ಮಾರ್ಗ್‌ನಿಂದ ಗುಲ್‌ಮಾರ್ಗ್‌ಗೆ ಚಳಿಗಾಲದಲ್ಲಿ ಚೈನ್ ಬೇಕೇ ಬೇಕು. ಇಲ್ಲಿ ಕೆಸರಿನಲ್ಲಿ ಅರ್ಧ ಸವೆದ ಚೈನ್ ಅಲ್ಲಿಗೆ ಒಯ್ಯಬೇಡಿ. ಅಲ್ಲಿಗೆ ಅಂತಲೇ ತೆಗೆದುಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಯುರೋಪಿನ ಇಎನ್ 16662–1 ಅಥವಾ ಆಸ್ಟ್ರಿಯದ ಓ–ನಾರ್ಮ್ ವಿ 5117 ಗುಣಮಟ್ಟದ ಗುರುತು ಇದೆಯಾ ನೋಡಿ. ಕೈ ಮರಗಟ್ಟುವ ಚಳಿಯಲ್ಲಿ ಬಿಗಿ ಮಾಡಬೇಕಾದ್ದರಿಂದ ತಾನಾಗಿ ಬಿಗಿಯಾಗುವ ಬಗೆ ಒಳ್ಳೆಯದು.

ಕೆಎ ನಂಬರಿನ ಗಾಡಿ

12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ನಂಬರ್ ಬದಲಿಸಬೇಕು. ಕಾಸರಗೋಡಿನದು ಕೆಎಲ್ 14, ಕಾಞಂಗಾಡಿನದು ಕೆಎಲ್ 60, ವೆಳ್ಳರಿಕುಂಡಿನದು ಕೆಎಲ್ 79. ದೊಡ್ಡ ಟಯರು, ಎತ್ತರಿಸಿದ ಸಸ್ಪೆನ್ಶನ್ ಇದ್ದರೆ ಇಲ್ಲಿ ತಪಾಸಣೆ ಬಿಗಿ. ಮೊದಲೇ ಸರಿ ಮಾಡಿಸಿ.

ಯಾರನ್ನು ಕೇಳುವುದು?

ನೆರೆಕರೆಯವರನ್ನು. ಬಂದು ಆರು ತಿಂಗಳಾದರೂ ಪಕ್ಕದ ಮನೆಯ ಅಂಗಳಕ್ಕೆ ಕಾಲಿಡದವರು ಗಾಡಿ ಹೂತಾಗ ಮಾತ್ರ ಸಂಘಕ್ಕೆ ಫೋನ್ ಮಾಡುತ್ತಾರೆ. ಇದು ಸರಿಯಲ್ಲ. 1956ರ ನವೆಂಬರ್ 1ಕ್ಕೆ ಗಡಿ ಗೆರೆ ಬಿದ್ದರೂ ಈ ಊರಿನವರು ಕನ್ನಡ ಬಿಟ್ಟಿಲ್ಲ. ಕವಿಗಳಾದ ಗೋವಿಂದ ಪೈಗಳ, ಕಯ್ಯಾರ ಕಿಞ್ಞಣ್ಣ ರೈಗಳ ನೆಲ ಇದು. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರೂ ನಿಮ್ಮ ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ದಾರಿಯಲ್ಲಿ ಹಾಲು, ರಬ್ಬರ್ ಸಾಗಿಸುವ ಜೀಪಿನಣ್ಣ ಯಾರು ಅಂತ ತಿಳಿದುಕೊಂಡು, ಅವರ ಚೈನನ್ನು ಕೈಯಲ್ಲಿ ಹಿಡಿದು ನೋಡಿ. ಎಲ್ಲಿ ತಂದದ್ದು, ಎಷ್ಟು ಮಳೆಗಾಲ ಬಂತು, ಬಿಡಿ ಕೊಂಡಿ ಎಲ್ಲಿ ಸಿಗುತ್ತದೆ ಅಂತ ಕೇಳಿ. ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ದಿನ) ಮೊದಲು ಕೇಳಿ. ಆಮೇಲೆ ಅವರಿಗೆ ಪುರುಸೊತ್ತು ಇರುವುದಿಲ್ಲ.