ತಾರಸಿಯ ಗ್ರೋ ಬ್ಯಾಗ್ ಮಳೆಗಾಲ ದಾಟಬೇಕಾದರೆ

12 ಇಂಚು ಅಗಲದ ಗ್ರೋ ಬ್ಯಾಗಿನ (ಗಿಡ ಬೆಳೆಸುವ ಚೀಲದ) ಬಾಯಿಗೆ 100 ಮಿ.ಮೀ. ಮಳೆ ಬಿದ್ದರೆ 7 ಲೀಟರ್ ನೀರು ಒಳಗೆ ಹೋಯಿತೆಂದು ಲೆಕ್ಕ. ಜುಲೈಯಲ್ಲಿ ಮಂಗಳೂರು, ಉಡುಪಿಗೆ ಅಂಥ ದಿನ ಅಪರೂಪವೇನಲ್ಲ. ವರ್ಷದ 3500 ಮಿ.ಮೀ. ಮೀರುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವುದರಿಂದ ಒಂದೊಂದು ಚೀಲಕ್ಕೂ 200 ಲೀಟರ್‌ಗಿಂತ ಹೆಚ್ಚು ನೀರು ಬೀಳುತ್ತದೆ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಸಮ ಎಂಬ ಘಟ್ಟದ ಮೇಲಿನ ಲೆಕ್ಕ ಇಲ್ಲಿ ಆಟಿ ತಿಂಗಳು (ಜುಲೈ-ಆಗಸ್ಟ್) ದಾಟುವುದಿಲ್ಲ. ಬುಡ ಕೊಳೆಯುತ್ತದೆ, ಕೊಳೆಯದೆ ಉಳಿದ ಗಿಡ ಸಾರ ತೊಳೆದುಹೋಗಿ ಹಳದಿಯಾಗುತ್ತದೆ.

ಹಾಗಾಗಿ ಮಳೆಗಾಲದ ಚೀಲಕ್ಕೆ ನಾನು ಬೇರೆಯೇ ಮಿಶ್ರಣ ಮಾಡುತ್ತೇನೆ. ಬಕೆಟ್ ಲೆಕ್ಕದಲ್ಲಿ ಜರಡಿ ಹಿಡಿದ ಕೆಂಪುಮಣ್ಣು 2, ದಪ್ಪ ಹೊಯಿಗೆ (ಮರಳು) 3, ಕೋಕೋಪೀಟ್ 2, ಸುಡುಮಣ್ಣು (ಕಸಕಡ್ಡಿಯ ಜೊತೆ ಸುಟ್ಟ ಮಣ್ಣು) ಮತ್ತು ಹಳೆಯ ಹಟ್ಟಿಗೊಬ್ಬರ ಸೇರಿ 3. ಹೊಯಿಗೆ ಹೊಳೆಯದ್ದೇ ಆಗಬೇಕು. ಕಡಲ ಬದಿಯದು ಉಪ್ಪು, ಮೇಲಾಗಿ ತೀರಾ ನಯ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮಣ್ಣನ್ನು ಮಾತ್ರ ತುಂಬಿಸಿದರೆ ಮಳೆಯಲ್ಲಿ ಅಂಟಾಗಿ, ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದರ ಪಾಲು ಕಡಿಮೆ ಇಡಲು ಅದೇ ಕಾರಣ. ಬೇಸಗೆಗಾದರೆ ಹೊಯಿಗೆ 1ಕ್ಕೆ ಇಳಿಸಿ ಕೋಕೋಪೀಟನ್ನು 4ಕ್ಕೆ ಏರಿಸುತ್ತೇನೆ.

ಕೋಕೋಪೀಟಿನಲ್ಲೂ ಉಪ್ಪಿರುತ್ತದೆ. ಒತ್ತಿ ಇಟ್ಟಿಗೆಯಾಗಿಸಿ ಮಾರುವ 5 ಕೆ.ಜಿ. ಕೋಕೋಪೀಟ್ ನೆನೆದರೆ 60 ಲೀಟರ್‌ಗೂ ಮೇಲೆ ಉಬ್ಬುತ್ತದೆ. ಗೋಣಿಗೆ ತುಂಬಿಸಿ, ನೀರು ಹೊಯ್ದು, ಹಿಂಡಿ ತೆಗೆಯಬೇಕು. ಕುಡಿಯುವ ನೀರಿನ ಫಿಲ್ಟರ್‌ನವರು ಬಳಸುವ, ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಹಿಂಡಿದ ನೀರು 500 ಪಿಪಿಎಂಗಿಂತ ಕೆಳಗೆ ಬರುವವರೆಗೆ ತೊಳೆಯಿರಿ. ತೊಳೆಯದೆ ಹಾಕಿದರೆ ಎಳೆಗಿಡದ ಎಲೆಯಂಚು ಸುಟ್ಟಂತೆ ಒಣಗುತ್ತದೆ. ಇದನ್ನು ರೋಗ ಎಂದುಕೊಂಡು ಔಷಧಿ ಸಿಂಪಡಿಸುವವರೇ ಹೆಚ್ಚು.

ಕರಾವಳಿಯ ಮಣ್ಣು ಹುಳಿ (ಆಮ್ಲೀಯ). 20 ಲೀಟರ್ ಮಿಶ್ರಣಕ್ಕೆ 40 ಗ್ರಾಂ ಡಾಲಮೈಟ್ ಎಂಬ ಸುಣ್ಣದಕಲ್ಲಿನ ಪುಡಿ ಹಾಕುತ್ತೇನೆ. ಅರಳಿಸಿದ ಚಿಪ್ಪಿನ ಸುಣ್ಣವಾದರೆ 20 ಗ್ರಾಂ ಸಾಕು, ಅದರ ಖಾರ ಜಾಸ್ತಿ. ಸುಣ್ಣ ಬೆರೆಸಿ ತೇವ ಮಾಡಿ ಎರಡು ವಾರ ಬಿಟ್ಟ ಮೇಲೆಯೇ ಗೊಬ್ಬರದ ಹಿಂಡಿಯನ್ನು (ಎಣ್ಣೆ ತೆಗೆದು ಉಳಿದದ್ದನ್ನು) ಸೇರಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ.

ಇನ್ನು ತಳಕ್ಕೆ ಜಲ್ಲಿ ಹಾಕುವ ಪದ್ಧತಿ. ನನ್ನ ಪ್ರಕಾರ ಅದು ಬೇಡವೇ ಬೇಡ. ನಯವಾದ ಮಿಶ್ರಣದಲ್ಲಿರುವ ನೀರು ಪೂರ್ತಿ ತುಂಬುವವರೆಗೆ ದಪ್ಪ ಜಲ್ಲಿಗೆ ಇಳಿಯುವುದೇ ಇಲ್ಲ, ಜಲ್ಲಿಯ ಮೇಲೇ ನಿಲ್ಲುತ್ತದೆ. ಚೀಲದ ತಳದಲ್ಲಿರಬೇಕಿದ್ದ ಕೆಸರು ಬೇರಿನ ಹತ್ತಿರ ಬಂದಂತಾಯಿತು. ತೆಂಗಿನ ಸಿಪ್ಪೆ ಬೇಸಗೆಯಲ್ಲಿ ತಳಕ್ಕೆ ಒಳ್ಳೆಯದು, ಮಳೆಗಾಲಕ್ಕಲ್ಲ.

ತೂತಿನ ಕಡೆ ಗಮನ ಕೊಡಿ. ಅಂಗಡಿಯ ಚೀಲದ ಸಣ್ಣ ತೂತು ಬೇರು ಸೇರಿ ಬೇಗ ಮುಚ್ಚುತ್ತದೆ. ತಳದಿಂದ 2 ಸೆಂ.ಮೀ. ಎತ್ತರದಲ್ಲಿ ಸುತ್ತ ಎಂಟು ಕಡೆ, 10 ಮಿ.ಮೀ. ಅಗಲಕ್ಕೆ ಕಾಯಿಸಿದ ಕಬ್ಬಿಣದ ಸರಳಿನಿಂದ ಚುಚ್ಚಿ, ಒಳಗಿನಿಂದ ಹಳೆಯ ಸೊಳ್ಳೆ ಪರದೆಯ ತುಂಡು ಅಂಟಿಸಿದಂತೆ ಇಡಿ. ಚೀಲವನ್ನು ನೇರ ತಾರಸಿ ಮೇಲಿಡದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿ, ನಡುವೆ ಗಾಳಿಯಾಡಬೇಕು. ಕೆಳಗಿನ ತಟ್ಟೆಗಳನ್ನು ಮೇ ಕೊನೆಗೇ ತೆಗೆದುಬಿಡಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಧಾರಾಳ. ಫ್ಲಾಟಿನ ಬಾಲ್ಕನಿಯಲ್ಲಿ ತಟ್ಟೆ ಬೇಕೇ ಬೇಕೆಂದಾದರೆ ಅದಕ್ಕೆ ಅಂಚಿನವರೆಗೆ ಹೊಯಿಗೆ ತುಂಬಿಸಿ.

ಒದ್ದೆಯಾದಾಗ ಇಂಥ ಚೀಲ 28 ಕೆ.ಜಿ. ಹತ್ತಿರ ಬರುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875ರ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ಹಿಡಿಯುತ್ತಾರೆ. ಅಂದರೆ ಐದು ಚೀಲ, ಅದೂ ಗೋಡೆ ಮತ್ತು ಬೀಮಿನ ಸಾಲಿನಲ್ಲಿ.

ಮೇಲೆ ಮಾಡು (ಚಾವಣಿ) ಹಾಕುವುದಾದರೆ 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಹಾಳೆ ತನ್ನಿ. ಹಸಿರು ನೆರಳು ಬಲೆ ಹನಿಯ ಪೆಟ್ಟು ತಪ್ಪಿಸುತ್ತದೆ, ನೀರು ತಡೆಯುವುದಿಲ್ಲ. ಮಳೆ ಪಡುವಣ-ತೆಂಕಣದಿಂದ ಓರೆಯಾಗಿ ಹೊಡೆಯುವುದರಿಂದ ಆ ಬದಿ 6 ಅಡಿ, ಎದುರು ಬದಿ 8 ಅಡಿ ಎತ್ತರ ಕೊಡಿ. ಪಕ್ಕಗಳನ್ನು ಪೂರ್ತಿ ಮುಚ್ಚಿದರೆ ಗಾಳಿಗೆ ಹಾಳೆ ಕಿತ್ತುಹೋಗುತ್ತದೆ. ಮಾಡಿನಡಿಯ ಚೀಲಕ್ಕೆ ಜುಲೈಯಲ್ಲೂ ನೀರು ಹಾಕಬೇಕೆಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ! ಅಷ್ಟು ಖರ್ಚು ಬೇಡವೆಂದರೆ ಅಡಿಕೆ ಹಾಳೆಯನ್ನು ಸೀಳಿ ಬುಡದ ಎರಡೂ ಕಡೆ ಹೊರಕ್ಕೆ ಇಳಿಜಾರಾಗುವಂತೆ ಹೊದಿಸಿ. ಅರ್ಧಕ್ಕರ್ಧ ನೀರು ಹೊರಗೆ ಜಾರುತ್ತದೆ. ಹಾಳೆಯಡಿ ಬಸವನಹುಳು ಸೇರುತ್ತದೆ, ಸಂಜೆ ಎತ್ತಿ ಹೆಕ್ಕಬೇಕು.

ಗೊಬ್ಬರ ಒಮ್ಮೆಗೇ ಸುರಿದರೆ ಅದು ಚರಂಡಿಗೆ. ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತು ನೋಡಿ, ಚೀಲಕ್ಕೆ 25 ಗ್ರಾಂ ನೆಲಗಡಲೆ ಹಿಂಡಿ ಮತ್ತು ಬೇವಿನ ಹಿಂಡಿಯ ಮಿಶ್ರಣ, ಜೊತೆಗೆ ಒಂದು ಹಿಡಿ ಸುಡುಮಣ್ಣು.

ಬೆಳೆಯ ಆಯ್ಕೆ ಅಜ್ಜಿಯಂದಿರ ಕ್ರಮದಂತೆಯೇ: ಮಳೆಗೆ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ. ಬೀಜ ಮೇ ಮಧ್ಯದಲ್ಲೇ ಬಿತ್ತಿ, ಜಡಿಮಳೆಗೆ ಮೊದಲು ನಾಲ್ಕೆಲೆ ಬಂದಿರಲಿ. ಹರಿವೆ, ಅಲಸಂಡೆ, ಗುಳ್ಳ (ದುಂಡು ಬದನೆ) ಇವೆಲ್ಲ ಮಳೆ ಇಳಿದ ಮೇಲೆ.

ಗುಳ್ಳ ಅಥವಾ ಮೆಣಸಿನ ಗಿಡ ಹಸಿರಿರುವಾಗಲೇ ಒಮ್ಮೆಲೇ ಬಾಡಿದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾದ ಸೊರಗು ರೋಗ. ಇದಕ್ಕೆ ಔಷಧಿಯಿಲ್ಲ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವೂ (ಮೈಲುತುತ್ತು-ಸುಣ್ಣದ ನೀರು) ನಾಟುವುದಿಲ್ಲ. ಗಿಡ ಸುಟ್ಟು, ಆ ಚೀಲದ ಮಣ್ಣಿಗೆ ಬದನೆ, ಟೊಮೆಟೊ, ಮೆಣಸು ಮತ್ತೆ ನೆಡಬೇಡಿ. ಹರಿವೆಗೋ ಬಸಳೆಗೋ ಬಳಸಬಹುದು. ಗುಳ್ಳವೇ ಬೇಕೆಂದರೆ ಸುಂಡೆ (ಕಾಡುಬದನೆ) ಗಿಡಕ್ಕೆ ಕಸಿ ಕಟ್ಟಿದ ಸಸಿ ಹೊಸ ಚೀಲದಲ್ಲಿ ನೆಡಿ, ಕಸಿಯ ಗಂಟು ಮಣ್ಣಿನಿಂದ ಮೂರು ಬೆರಳು ಮೇಲಿರಲಿ.