ಶಾಲೆಗೆ ಹೋಗದೆ ಹತ್ತನೇ ತರಗತಿ: ಭತ್ತದ ಲೆಕ್ಕದಲ್ಲಿ ಕಲಿತ ನಮ್ಮ ಮಗ

ಮಗ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದು) ಹತ್ತನೇ ತರಗತಿ ಪಾಸಾದ. ಐದೂ ವಿಷಯ, ಒಂದೇ ಸಲಕ್ಕೆ. ಸರಾಸರಿ ಎಪ್ಪತ್ತರ ಮೇಲಿದೆ. ಒಂದನೇ ತರಗತಿಯಲ್ಲೂ ಕೂರದ ಹುಡುಗ ಅವನು. "ಸಾಲಿಗಿ ಕಳಸದ ಮನ್ಯಾಗ ಇಟ್ಕೊಂಡು ನಾಳೆ ಏನ್ ಮಾಡಸ್ತೀಯವಾ ಅವನ ಕಡಿಂದ?" ಎಂದು ವರ್ಷಗಟ್ಟಲೆ ಕೇಳಿದ ಅತ್ತೆಯವರೇ ಈಗ ಮನೆಗೆ ಬಂದವರಿಗೆಲ್ಲ ಅಂಕಪಟ್ಟಿ ತೋರಿಸುತ್ತಾರೆ. ಮನೆಯಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಅನ್‌ಸ್ಕೂಲಿಂಗ್, ಅಂದರೆ ಶಾಲೆ, ಪಠ್ಯಕ್ರಮ ಇಲ್ಲದೆ ಬದುಕಿನಿಂದಲೇ ಕಲಿಯುವುದು, ಹೇಗಿರುತ್ತದೆ ಅಂತ ವಿವರಿಸಬೇಕಿಲ್ಲ. ನಮ್ಮಲ್ಲಿ ಯಾವುದು ಕೈಕೊಟ್ಟಿತು, ಎಷ್ಟು ದುಡ್ಡು ಹೋಯಿತು, ಕೊನೆಗೆ ಯಾವುದು ಹಿಡಿಯಿತು, ಅಷ್ಟು ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ಶುರುವಿನ ಎರಡು ವರ್ಷದಲ್ಲಿ ಸುಮಾರು ನಲವತ್ತು ಸಾವಿರ ಹೋಯಿತು. ತರಿಸಿದ ಕಲಿಕಾ ಕಿಟ್ಟು ಹದಿನಾಲ್ಕು ಸಾವಿರ ಇರಬೇಕು. ಅದರಲ್ಲಿದ್ದ ಮರದ ತುಂಡುಗಳನ್ನು ಇವನು ಬೀದಿ ಹುಡುಗರಿಗೆ ಹಂಚಿಬಿಟ್ಟ. ಆನ್‌ಲೈನ್ ಕ್ಲಾಸಿಗೆ ಕಟ್ಟಿದ್ದು ವಾಪಸ್ ಬರಲಿಲ್ಲ. ಗೋಡೆಗೆ ಅಂಟಿಸಿದ ವೇಳಾಪಟ್ಟಿ ಎರಡು ವಾರ ನಡೆಯಿತು, ಅಷ್ಟೇ. ಆ ನಲವತ್ತು ಸಾವಿರ ಅಂದರೆ ಕಾರಟಗಿ ಕಡೆ ಹೆಚ್ಚುಕಡಿಮೆ ಒಂದು ಎಕರೆ ಭತ್ತ ಬೆಳೆಯುವ ಖರ್ಚು.

ಓದು ತಡವಾಯಿತು. ಎಂಟು ತುಂಬಿದರೂ ಅಕ್ಷರ ಕೂಡಿಸುತ್ತಿರಲಿಲ್ಲ. ಆಮೇಲೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಅದು ಬಂತು. ಇವನಿಗೆ ಬಸ್ಸಿನ ಹುಚ್ಚು. ಕೊಪ್ಪಳದಲ್ಲಿ ಪ ಒತ್ತು, ಕುಷ್ಟಗಿಯಲ್ಲಿ ಷ-ಕ್ಕೆ ಟ ಒತ್ತು, ಮಸ್ಕಿಯಲ್ಲಿ ಸ-ಕ್ಕೆ ಕ ಒತ್ತು, ಯಲಬುರ್ಗಾದಲ್ಲಿ ಅರ್ಕಾವೊತ್ತು, ಹುಬ್ಬಳ್ಳಿಯಲ್ಲಿ ಎರಡೆರಡು ಒತ್ತಕ್ಷರ. ಪುಸ್ತಕದಲ್ಲಿ ವರ್ಷವಿಡೀ ಹಿಡಿಯದ ಒತ್ತಕ್ಷರಗಳು ಬಸ್ಸಿನ ಬೋರ್ಡುಗಳಲ್ಲಿ ಒಂದು ಬೇಸಿಗೆಯಲ್ಲಿ ಬಂದವು. ಒಂಬತ್ತೂವರೆಗೆ ಪೇಪರ್ ಓದುತ್ತಿದ್ದ.

ನಿಜವಾಗಿ ಹಿಡಿದದ್ದು ಲೆಕ್ಕದ ಪುಸ್ತಕ. ನಮ್ಮದು ನಾಲ್ಕು ಎಕರೆ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಇವನಿಗೆ ಹತ್ತು ದಾಟಿದ ಮೇಲೆ ಗೊಬ್ಬರ, ನಾಟಿ ಕೂಲಿ, ಕಟಾವು ಯಂತ್ರದ ಬಾಡಿಗೆ, ಎಲ್ಲವನ್ನೂ ಅವನೇ ಬರೆಯಬೇಕು ಅಂದೆವು. ತೋರಿಕೆಗೆ ಅಲ್ಲ. ಅವನು ಬರೆಯದಿದ್ದರೆ ಮನೆಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಶೇಕಡಾ ಕಲಿತದ್ದು ಡಿಎಪಿ ಗೊಬ್ಬರದ ಚೀಲದಿಂದ. 50 ಕೆ.ಜಿ. ಚೀಲದ ಮೇಲೆ 18:46 ಅಂತ ಇರುತ್ತದೆ, ಅಲ್ವಾ? ಅದು ಶೇಕಡಾ ಲೆಕ್ಕ. ಹಾಗಾದರೆ ಸಾರಜನಕ 9 ಕೆ.ಜಿ., ರಂಜಕದ ಅಂಶ 23 ಕೆ.ಜಿ. ಯೂರಿಯಾ ಚೀಲ 45 ಕೆ.ಜಿ., ಅದರಲ್ಲಿ ಸಾರಜನಕ 46 ಪರ್ಸೆಂಟ್. ಎರಡರಲ್ಲಿ ಯಾವುದು ಎಷ್ಟು ಬೇಕು ಎಂದು ಅಪ್ಪನ ಜೊತೆ ವಾದಕ್ಕೆ ನಿಲ್ಲುತ್ತಿದ್ದ.

ಭತ್ತ ಮಾರುವಾಗ ಫಲ ಗೊತ್ತಾಯಿತು. ನಮ್ಮ ಕಡೆ 75 ಕೆ.ಜಿ. ಚೀಲದ ಲೆಕ್ಕದಲ್ಲಿ ದರ ಹೇಳುತ್ತಾರೆ. ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲ್‌ಗೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ 2,300 ರೂಪಾಯಿ ಇತ್ತು. "ಅಪ್ಪಾ, ಚೀಲಕ್ಕ 1,725 ಬೀಳ್ತತಿ, ವ್ಯಾಪಾರಿಗಳು ಕಡಿಮಿ ಕೇಳಾಕತ್ತಾರ" ಅಂದ. ನಮ್ಮ ಮನೆಯವರು ಕೆಲವು ವಾರ ಮಾರದೆ ತಡೆದರು. ಚೀಲಕ್ಕೆ ನೂರರ ಹತ್ತಿರ ಜಾಸ್ತಿ ಸಿಕ್ಕಿತು. ನೂರೈವತ್ತು ಚೀಲದ ಮೇಲೆ ಇತ್ತು, ನೀವೇ ಲೆಕ್ಕ ಹಾಕಿ. ಆ ಕಿಟ್ಟಿನ ದುಡ್ಡು ಅಲ್ಲೇ ವಾಪಸ್ ಬಂತು.

ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಊರಿಗೆ ಊರೇ ಕಂಗಾಲಾಗಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಇವನು ದಿನಾ ಬೆಳಿಗ್ಗೆ ಒಳಹರಿವು, ಹೊರಹರಿವು ಬರೆದುಕೊಳ್ಳುತ್ತಿದ್ದ. 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು 24 ಗಂಟೆ ಹರಿದರೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಅಂತ ತಾನೇ ಭಾಗಿಸಿ ಕಂಡುಕೊಂಡ. ಒಂದು ಲಕ್ಷ ಕ್ಯುಸೆಕ್ ಬಿಟ್ಟರೆ ದಿನಕ್ಕೆ ಎಂಟೂವರೆ ಟಿಎಂಸಿಗಿಂತ ಜಾಸ್ತಿ ಹೋಗುತ್ತದೆ. ಡ್ಯಾಮಿನಲ್ಲಿ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅನ್ನುವುದು ನಮ್ಮ ಊಟದ ಪ್ರಶ್ನೆ. ಅದಕ್ಕೇ ಆ ಭಾಗಾಕಾರ ಅವನ ತಲೆಯಲ್ಲಿ ಉಳಿಯಿತು. ಕೊಚ್ಚಿಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆ.

ಮಗಳ ದಾರಿ ಬೇರೆ. ಅವಳಿಗೆ ಲೆಕ್ಕ ಬೇಡ, ಗೆರೆ ಬೇಕು. ಕೊಪ್ಪಳದ ಗವಿಮಠದ ಹತ್ತಿರ ಅಶೋಕನ ಶಾಸನ ಇದೆಯಲ್ಲ, ಅದನ್ನು ನೋಡಿಬಂದ ಮೇಲೆ ಬ್ರಾಹ್ಮಿ ಲಿಪಿ ಹಿಡಿದುಕೊಂಡಳು. ಕ ಅಂದರೆ ಬರೀ ಕೂಡಿಸುವ ಗುರುತು, ಠ ಅಂದರೆ ಒಂದು ಸೊನ್ನೆ. ಎಷ್ಟು ಸುಲಭ! ಕನ್ನಡಕ್ಕಿಂತ ಮೊದಲು ಬ್ರಾಹ್ಮಿಯಲ್ಲಿ ಹೆಸರು ಬರೆದಳು. ಕಿನ್ನಾಳಕ್ಕೂ ಹೋಗಿ ಗೊಂಬೆ ಮಾಡುವವರ ಪಕ್ಕ ಕೂತು ಬಂದಳು. ಅವರು ಬಳಸುವ ಹುಣಸೆ ಬೀಜದ ಅಂಟು ಮನೆಯಲ್ಲಿ ಮಾಡಲು ಹೋಗಿ ಮೂರು ಪಾತ್ರೆ ತಳ ಹಿಡಿದವು. ಅಂಟು ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ.

ಪರೀಕ್ಷೆಗೆ ಬರುತ್ತೇನೆ. ಹದಿನಾಲ್ಕು ತುಂಬಿದ ಮೇಲೆ ನೋಂದಣಿ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ ತಗೊಂಡ. ಐದು ವರ್ಷದಲ್ಲಿ ಒಂಬತ್ತು ಅವಕಾಶ ಇರುತ್ತದೆ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಅದು ತಿಳಿದ ಮೇಲೆ ಮನೆಯವರ ಭಯ ಅರ್ಧ ಇಳಿಯಿತು. ಕಷ್ಟ ಆದದ್ದು ಪಾಠ ಅಲ್ಲ, ಬರವಣಿಗೆ. ಪರೀಕ್ಷೆ ಮುಗಿಯುವಷ್ಟು ಹೊತ್ತು ಒಂದೇ ಸಮನೆ ಬರೆದು ಅಭ್ಯಾಸವೇ ಇರಲಿಲ್ಲ, ಅರ್ಧ ಗಂಟೆಗೆ ಕೈ ಸೋಲುತ್ತಿತ್ತು. ನಾಲ್ಕು ತಿಂಗಳಲ್ಲಿ ಅದನ್ನು ಸರಿ ಮಾಡಿದೆವು. ಹೇಗೆ ಅಂತ ಇಲ್ಲಿ ಬರೆಯಲ್ಲ. ಅದು ಮಗುವಿನ ಕೈ ನೋಡಿ ಹೇಳಬೇಕಾದ್ದು, ಸುಮ್ನೆ ಹೇಳಿದರೆ ಹಟಕ್ಕೆ ಬೀಳುತ್ತಾರೆ. ನೋಂದಣಿ, ಪರೀಕ್ಷೆ ಶುಲ್ಕ, ಓಡಾಟ ಎಲ್ಲ ಸೇರಿ ಎಂಟು ಸಾವಿರದ ಒಳಗೇ ಮುಗಿಯಿತು.

ಮಗಳಿಗೆ ಹದಿನಾಲ್ಕು ತುಂಬಲು ಇನ್ನೂ ಟೈಮ್ ಇದೆ. ಗಣಿತ ತಗೊಳ್ಳಲ್ಲ ಅಂತಿದ್ದಾಳೆ. ಎನ್‌ಐಒಎಸ್‌ನಲ್ಲಿ ಗಣಿತ ಬಿಟ್ಟೂ ಹತ್ತನೇ ತರಗತಿ ಮುಗಿಸಬಹುದು, ಹಾಗಾಗಿ ನಾವು ಒತ್ತಾಯ ಮಾಡುತ್ತಿಲ್ಲ. ಆದರೆ ಈ ಮುಂಗಾರಿನಿಂದ ಲೆಕ್ಕದ ಪುಸ್ತಕ ಅವಳ ಕೈಗೆ ಹೋಗಿದೆ. ಮೊದಲ ಪುಟದಲ್ಲಿ ಬೀಜದ ಖರ್ಚು ಬರೆದಿದ್ದಾಳೆ, ಅಂಚಿಗೆ ಬಣ್ಣ ಬಳಿದಿದ್ದಾಳೆ. ಮೊತ್ತ ಸರಿಯಾಗಿದೆ.