ಕೆಂಪು ಕಮರಿಗಳಲ್ಲಿ ವಸಂತದ ಬೆಳಕು: ರಜೆಯ ಜನಸಂದಣಿ ತಪ್ಪಿಸಿ ಚಿತ್ರ ತೆಗೆಯುವ ಬಗೆ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದ ಮರಳುಗಲ್ಲಿನ ಕಮರಿಗಳಲ್ಲಿ ತೆಗೆದ ಒಳ್ಳೆಯ ಚಿತ್ರಗಳು ಬಹುಪಾಲು ನೆರಳಿನಲ್ಲಿ ತೆಗೆದವು. ಒಂದು ಬದಿಯ ಗೋಡೆಗೆ ಬಿಸಿಲು ಬಿದ್ದಾಗ ಅದು ಅಲ್ಲಿಂದ ಪುಟಿದು, ನೆರಳಿನಲ್ಲಿರುವ ಎದುರು ಗೋಡೆಯ ಮೇಲೆ ಕಿತ್ತಳೆ ಬಣ್ಣದ ಹೊಳಪಾಗಿ ಹರಡುತ್ತದೆ. ಸೂರ್ಯ ಸ್ವಲ್ಪ ಸರಿದರೆ ಆ ಹೊಳಪು ಆರಿಹೋಗುತ್ತದೆ. ಯಾವ ತಿರುವಿನಲ್ಲಿ ಅದು ಎಷ್ಟು ಹೊತ್ತಿಗೆ ಬರುತ್ತದೆಂಬುದು ಅಲ್ಲಿ ಕುಳಿತು ಕಾದವರಿಗೆ ಮಾತ್ರ ತಿಳಿಯುತ್ತದೆ. ನಾಲ್ಕು ಅಡಿ ಅಗಲದ ದಾರಿಯಲ್ಲಿ ಟ್ರೈಪಾಡ್ ಊರಿ ಒಂದು ಗಂಟೆ ಕಾಯಬೇಕಾದರೆ ಹಿಂದೆ ಮುಂದೆ ಜನ ಇರಬಾರದು. ಆದ್ದರಿಂದ ಜನರಿಲ್ಲದ ದಿನವನ್ನೂ ಜಾಗವನ್ನೂ ಆರಿಸಿಕೊಳ್ಳುವುದೇ ಈ ಕೆಲಸದ ಮೊದಲ ಹೆಜ್ಜೆ ಎಂದು ನಾನು ಎಣಿಸುತ್ತೇನೆ. ಕ್ಯಾಮೆರಾದ ಮಾತು ಆಮೇಲಿನದು.

ಅಮೆರಿಕದ ಶಾಲೆ ಕಾಲೇಜುಗಳ ವಸಂತದ ರಜೆ ಮಾರ್ಚ್ ಎರಡನೆಯ ವಾರದಿಂದ ಏಪ್ರಿಲ್ ನಡುವಿನವರೆಗೆ ಒಂದೊಂದು ಊರಿನಲ್ಲಿ ಒಂದೊಂದು ವಾರ ಬರುತ್ತದೆ. ಯೂಟಾದ ಮೋಆಬ್ ಪಟ್ಟಣದಲ್ಲಿ ಈಸ್ಟರ್ ಭಾನುವಾರದೊಂದಿಗೆ ಮುಗಿಯುವ, ಜೀಪ್ ಸಫಾರಿ ಎಂಬ ಒಂಬತ್ತು ದಿನಗಳ ಜೀಪುಗಳ ಮೇಳ ನಡೆಯುವುದರಿಂದ ಆಗ ಆ ದಿಕ್ಕಿಗೆ ಹೋಗದಿರುವುದು ಲೇಸು. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ ಎಂಬ ರಾಷ್ಟ್ರೀಯ ರಜೆ, ಅಲ್ಲಿಂದ ಬೇಸಿಗೆಯ ಪ್ರವಾಸ ಶುರುವಾಗುತ್ತದೆ. ಈ ಎರಡರ ನಡುವೆ, ಏಪ್ರಿಲ್ 20ರ ಸುಮಾರಿನಿಂದ ಮೇ ಎರಡನೆಯ ವಾರದವರೆಗಿನ ಅವಧಿಯನ್ನು, ಅದರಲ್ಲಿಯೂ ಮಂಗಳವಾರದಿಂದ ಗುರುವಾರದವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಈಸ್ಟರ್ ತಡವಾಗಿ ಬಂದ ವರ್ಷ ಒಂದು ವಾರ ಮುಂದೆ ಹೋಗಿ, ಆದರೆ ಮೇ ಕೊನೆಯವರೆಗೆ ಎಳೆಯಬೇಡಿ. ಆ ಹೊತ್ತಿಗೆ ಕಿವಿ ಮತ್ತು ಕೂದಲಂಚಿಗೆ ಕಚ್ಚುವ ಸಣ್ಣ ನೊರಜುಗಳು ಬಂದಿರುತ್ತವೆ.

ಇನ್ನು ಜಾಗ. ಜಾಯನ್ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ, ಮತ್ತು ಅಲ್ಲಿನ ಹೆಸರಾಂತ ನ್ಯಾರೋಸ್ ಕಮರಿಯನ್ನು ಹಿಮ ಕರಗಿ ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದಾಗ ಮುಚ್ಚುತ್ತಾರೆ. ವಸಂತದಲ್ಲಿ ಹೀಗಾಗುವುದು ಸಾಮಾನ್ಯ. ನೆರೆಯ ಅರಿಝೋನ ರಾಜ್ಯದ ಆಂಟಿಲೋಪ್ ಕಮರಿ ನವಾಹೋ ಎಂಬ ಮೂಲನಿವಾಸಿ ಜನರ ನೆಲದಲ್ಲಿದ್ದು, ಮಾರ್ಗದರ್ಶಿಯ ಗುಂಪಿನೊಡನೆ ಮಾತ್ರ ಒಳಗೆ ಹೋಗಲು ಸಾಧ್ಯ. ಅದು ಸುಂದರವಾದ ಜಾಗ, ನೋಡಲೇಬೇಕು, ಆದರೆ ಅಲ್ಲಿ ಬೆಳಕಿಗಾಗಿ ಕಾಯಲಾಗದು. ನಾನು ಸೂಚಿಸುವುದು ಯೂಟಾದ 12ನೆಯ ಹೆದ್ದಾರಿಯ ಸುತ್ತಲಿನ ಪ್ರದೇಶವನ್ನು: 1996ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ ಮತ್ತು ಅದರ ಪೂರ್ವಕ್ಕಿರುವ ಕ್ಯಾಪಿಟಲ್ ರೀಫ್ ಉದ್ಯಾನ. ಇಲ್ಲಿಯೂ ಪೀಕಬೂ ಮತ್ತು ಸ್ಪೂಕಿ ಎಂಬ ಎರಡು ಸೀಳು ಕಮರಿಗಳಲ್ಲಿ ಈಗ ಸಾಲು ನಿಲ್ಲುವಷ್ಟು ಜನ ಸೇರುತ್ತಾರೆ. ಅವನ್ನು ಬಿಟ್ಟು, ಬೌಲ್ಡರ್ ಎಂಬ ಪುಟ್ಟ ಊರಿನಿಂದ ಪೂರ್ವಕ್ಕೆ ಹೊರಡುವ ಬರ್ ಟ್ರೇಲ್ ರಸ್ತೆ ಹಿಡಿಯಿರಿ. ಆ ರಸ್ತೆ ಲಾಂಗ್ ಕ್ಯಾನಿಯನ್ ಎಂಬ ಕಮರಿಯೊಳಗೇ ಮೈಲಿಗಟ್ಟಲೆ ಸಾಗುತ್ತದೆ, ಅಲ್ಲಿಯವರೆಗೆ ಡಾಂಬರು ಇರುವುದರಿಂದ ಸಾಮಾನ್ಯ ಬಾಡಿಗೆ ಕಾರು ಸಾಕು, ಮತ್ತು ರಸ್ತೆಯ ಪಕ್ಕದಲ್ಲಿ ಹತ್ತಾರು ಸಣ್ಣ ಸೀಳುಗಳು ಬಹುಪಾಲು ಹೆಸರಿಲ್ಲದೆ ಬಿದ್ದಿವೆ.

ಅವುಗಳಲ್ಲಿ ಒಂದಕ್ಕೆ, ಬೌಲ್ಡರ್‌ನಿಂದ ಸುಮಾರು 11 ಮೈಲಿ ದೂರದಲ್ಲಿರುವುದಕ್ಕೆ, ಸಿಂಗಿಂಗ್ ಕ್ಯಾನಿಯನ್ ಎಂದು ಹೆಸರು. ಒಳಗೆ ನಿಂತು ಮೆಲ್ಲಗೆ ಗುನುಗಿದರೂ ಧ್ವನಿ ಮೇಲೇರಿ ತುಂಬಿಕೊಳ್ಳುತ್ತದೆ. ಕಮರಿಯ ಬಾಯಿಯಲ್ಲಿ ಮರಗಳ ಎಳೆಯ ಹಸಿರು, ಅದರ ಹಿಂದೆ ಎತ್ತರಕ್ಕೆ ನಿಂತ ಕೆಂಗಲ್ಲಿನ ಗೋಡೆ, ಗೋಡೆಯ ಮೇಲಿನಿಂದ ಇಳಿದ ಕಪ್ಪು ಪಟ್ಟೆಗಳು. ಈ ಪಟ್ಟೆಗಳು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಜೇಡಿಯೊಡನೆ ಸೇರಿ ಬಹಳ ನಿಧಾನವಾಗಿ ಕಟ್ಟಿದ ತೆಳುಪದರ. ನೆರಳಿನಲ್ಲಿರುವಾಗ ಅವು ಆಕಾಶವನ್ನು ಪ್ರತಿಫಲಿಸಿ ನೀಲಿಯಾಗಿ ಕಾಣುತ್ತವೆ, ಪಕ್ಕದ ಬರಿಗಲ್ಲು ಎದುರು ಗೋಡೆಯ ಬಿಸಿಲನ್ನು ಹೀರಿ ಕಿತ್ತಳೆಯಾಗಿರುತ್ತದೆ. ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸಿಗೆ ಹಾಕಿ ತಿರುಗಿಸಿ ನೋಡಿದರೆ ಒಂದು ಹಂತದಲ್ಲಿ ಆ ನೀಲಿ ಪೂರ್ತಿ ಮಾಯವಾಗಿ ಪಟ್ಟೆ ಬರಿಯ ಕಪ್ಪಾಗಿಬಿಡುತ್ತದೆ. ನಾನು ಅದನ್ನು ಹಾಗೆ ಕಳೆದುಕೊಳ್ಳಲು ಒಪ್ಪುವುದಿಲ್ಲ, ಇಂತಹ ಗೋಡೆಯ ಮುಂದೆ ಫಿಲ್ಟರನ್ನು ತೆಗೆದೇ ಇಡುತ್ತೇನೆ.

ಬೆಳಕಿನ ಹೊತ್ತನ್ನು ಲೆಕ್ಕ ಹಾಕುವಾಗ ಗಡಿಯಾರವನ್ನು ನಂಬಿ ಕೆಡಬಾರದು. ಮಾರ್ಚ್ ಎರಡನೆಯ ಭಾನುವಾರ ಯೂಟಾದ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಏಪ್ರಿಲ್ ಕೊನೆಯಲ್ಲಿ ಎಸ್ಕಲಾಂಟೆ ಪಟ್ಟಣದಲ್ಲಿ ಸೂರ್ಯ ನೆತ್ತಿಗೆ ಹತ್ತಿರವಾಗುವುದು ಸುಮಾರು 1 ಗಂಟೆ 25 ನಿಮಿಷಕ್ಕೆ. ಅರಿಝೋನ ಗಡಿಯಾರ ಬದಲಿಸುವುದಿಲ್ಲ, ಆದರೆ ಅದೇ ರಾಜ್ಯದೊಳಗಿನ ನವಾಹೋ ಪ್ರದೇಶ ಬದಲಿಸುತ್ತದೆ. ಗಡಿಯ ಬಳಿ ಮೊಬೈಲು ಯಾವ ಸಮಯ ತೋರಿಸುತ್ತಿದೆಯೆಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಏಪ್ರಿಲ್ ಕೊನೆಯ ನಡುಹಗಲಿನ ಸೂರ್ಯ ಸುಮಾರು 65 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರಿನಲ್ಲಾದರೆ 29 ಡಿಗ್ರಿಯಷ್ಟೇ. ಚಳಿಗಾಲದಲ್ಲಿ ತಳಕ್ಕೆ ಇಳಿಯದ ಬಿಸಿಲು ವಸಂತದಲ್ಲಿ ಆಳಕ್ಕೆ ಇಳಿಯುತ್ತದೆ. ಹೀಗಾಗಿ ಕಿರಿದಾದ ಸೀಳುಗಳಿಗೆ ಬೆಳಗ್ಗೆ 10ರಿಂದ ಮಧ್ಯಾಹ್ನದವರೆಗೆ, ಅಗಲವಾದ ಕಮರಿಗಳಿಗೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನ ಹೊತ್ತಿಗೆ ಹೋಗಿ.

ಕ್ಯಾಮೆರಾದಲ್ಲಿ ಮೊದಲು ಸರಿಪಡಿಸಬೇಕಾದದ್ದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ಹೊಂದಿಸುವ ಆಯ್ಕೆ. ಅದನ್ನು ಆಟೋದಲ್ಲಿ ಬಿಟ್ಟರೆ, ಚಿತ್ರವಿಡೀ ಕಿತ್ತಳೆಯಾಗಿರುವುದನ್ನು ಕ್ಯಾಮೆರಾ ದೋಷವೆಂದು ಬಗೆದು ತಣ್ಣನೆಯ ಬೂದುಬಣ್ಣಕ್ಕೆ ಎಳೆಯುತ್ತದೆ. ನನ್ನ ಮೊದಲ ಪ್ರವಾಸದ ಚಿತ್ರಗಳೆಲ್ಲ ಪರದೆಯ ಮೇಲೆ ಹೀಗೆಯೇ ಸಪ್ಪೆಯಾಗಿ ಕಂಡಿದ್ದವು. ಡೇಲೈಟ್‌ನಲ್ಲಿ ಇರಿಸಿ, ರಾ ಎಂಬ ಸಂಸ್ಕರಿಸದ ಕಡತವಾಗಿ ತೆಗೆಯಿರಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ರಿಂದ ಎಫ್/11, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಶಟರ್ ಒಂದು ಸೆಕೆಂಡಿನಿಂದ ಹತ್ತು ಸೆಕೆಂಡಿನವರೆಗೆ ಎಲ್ಲಿಯೂ ಬರಬಹುದು. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆಯನ್ನು ನೋಡುವಾಗ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಒಟ್ಟು ಬೆಳಕು ಸರಿಯಿದ್ದಂತೆ ತೋರಿದರೂ ಕೆಂಪೊಂದೇ ಬಲದಂಚಿಗೆ ಬಡಿದು ಕಲ್ಲಿನ ಮೇಲಿನ ಸೂಕ್ಷ್ಮ ಗೆರೆಗಳು ಅಳಿಸಿಹೋಗಿರುತ್ತವೆ. ಆಕಾಶದ ಒಂದು ಚೂರೂ ಚೌಕಟ್ಟಿನೊಳಗೆ ಬರದಂತೆ ನೋಡಿಕೊಂಡರೆ ಬೆಳಕಿನ ಅರ್ಧ ತೊಂದರೆ ತಾನಾಗಿ ಕಳೆಯುತ್ತದೆ. ಅಗಲದ ಲೆನ್ಸ್ ಬೇಕೇಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಅನುಭವದಲ್ಲಿ 24-70 ಮಿಮೀ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಸಂತದ ಮಧ್ಯಾಹ್ನಗಳಲ್ಲಿ ಗಾಳಿ ಜೋರಾಗಿ ಬೀಸಿ ಮರಳು ಮೇಲಿನಿಂದ ಉದುರುವುದರಿಂದ ಕಮರಿಯೊಳಗೆ ಲೆನ್ಸ್ ಬದಲಿಸಬೇಡಿ.

ಅಭ್ಯಾಸಕ್ಕೆ ಇಷ್ಟು ದೂರ ಹೋಗಬೇಕಿಲ್ಲ. ಬಾದಾಮಿಯಲ್ಲಿ ಉತ್ತರದ ಕೋಟೆಗೆ ಹತ್ತುವ ದಾರಿ ಎರಡು ಮರಳುಗಲ್ಲಿನ ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಸಾಗುತ್ತದೆ. ಪುಟಿದ ಬೆಳಕು ಕಲ್ಲಿನ ಬಣ್ಣವನ್ನು ಹೇಗೆ ಬದಲಿಸುತ್ತದೆಂಬುದನ್ನು ಅಲ್ಲಿಯೇ ಕಲಿಯಬಹುದು.

ಮಳೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. 1997ರ ಆಗಸ್ಟ್ 12ರಂದು ಕೆಳಗಿನ ಆಂಟಿಲೋಪ್ ಕಮರಿಯಲ್ಲಿ ಹಠಾತ್ ಪ್ರವಾಹಕ್ಕೆ ಸಿಕ್ಕಿ 11 ಜನ ಸತ್ತರು. ಮಳೆ ಬಿದ್ದದ್ದು ಮೈಲಿಗಳಾಚೆ. ಇಂತಹ ಪ್ರವಾಹಗಳು ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರಿನಲ್ಲಿ ಬರುತ್ತವಾದರೂ ವಸಂತದ ಮಳೆಯೂ ಕಮರಿ ತುಂಬಬಲ್ಲದು. ಬೆಳಗ್ಗೆ ಎಸ್ಕಲಾಂಟೆಯ ಸಂದರ್ಶಕರ ಕೇಂದ್ರದಲ್ಲಿ ಹವಾಮಾನವನ್ನೂ ಮಣ್ಣಿನ ರಸ್ತೆಗಳ ಸ್ಥಿತಿಯನ್ನೂ ವಿಚಾರಿಸಿ, ಮೇಲ್ಭಾಗದಲ್ಲಿ ಎಲ್ಲಿಯೇ ಮಳೆಯ ಸೂಚನೆಯಿದ್ದರೂ ಸೀಳಿನೊಳಗೆ ಇಳಿಯಬೇಡಿ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಎಲ್ಲಿಗೆ ಹೋಗುತ್ತೀರೆಂದು ತಂಗಿರುವಲ್ಲಿ ಹೇಳಿ ಹೊರಡಿ. ತಲೆಗೆ ನಾಲ್ಕು ಲೀಟರ್ ನೀರು ಒಯ್ಯಿರಿ.

ಕಮರಿಯ ದಂಡೆಯಲ್ಲಿ ಕಪ್ಪಗೆ ಗಂಟುಗಂಟಾಗಿ ಉಬ್ಬಿದ ಮಣ್ಣು ಕಂಡರೆ ಅದರ ಮೇಲೆ ಕಾಲಿಡಬೇಡಿ, ಟ್ರೈಪಾಡನ್ನೂ ಊರಬೇಡಿ. ಸಯನೋಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವುಗಳು ಸೇರಿ ಮರಳನ್ನು ಹಿಡಿದಿಟ್ಟ ಜೀವಂತ ಪದರ ಅದು. ಒಂದು ಹೆಜ್ಜೆಗೆ ಒಡೆದದ್ದು ಮರಳಿ ಕೂಡಲು ದಶಕಗಳು ಬೇಕು. ಕಳ್ಳಿಯ ಕಡುಗೆಂಪು ಹೂವು ಎಷ್ಟೇ ಸೆಳೆದರೂ ಹಳ್ಳದ ಮರಳಿನಲ್ಲಿ ಅಥವಾ ಬರಿಬಂಡೆಯ ಮೇಲೆ ನಿಂತು ಉದ್ದನೆಯ ಲೆನ್ಸಿನಿಂದ ತೆಗೆಯಿರಿ. ರಾಷ್ಟ್ರೀಯ ಉದ್ಯಾನಗಳೊಳಗೆ ಡ್ರೋನ್ ಹಾರಿಸುವಂತಿಲ್ಲ.

ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಯಾವ ತಿರುವಿನಲ್ಲಿ ಹೊಳಪು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಆರಿತು ಎಂದು ಬರೆದುಕೊಳ್ಳಿ. ಮೊದಲ ದಿನ ಚಿತ್ರಕ್ಕಿಂತ ಈ ಟಿಪ್ಪಣಿಯೇ ಮುಖ್ಯ. ಒಂದೆರಡು ದಿನಗಳಲ್ಲಿ ಸೂರ್ಯನ ದಾರಿ ಹೆಚ್ಚೇನೂ ಬದಲಾಗದು. ಮರುದಿನ ಅದೇ ತಿರುವಿಗೆ ಇಪ್ಪತ್ತು ನಿಮಿಷ ಮುಂಚೆ ಹೋಗಿ, ಚೌಕಟ್ಟು ಹೊಂದಿಸಿ, ಫೋಕಸ್ ಸರಿಮಾಡಿ, ಗೋಡೆಯನ್ನೇ ನೋಡುತ್ತ ಕುಳಿತುಕೊಳ್ಳಿ.